ಡೇಟಾಬೇಸ್ ಆರಿಸುವ ಮುನ್ನ ಪ್ಲಗ್ ಕಿತ್ತು ನೋಡಿ

2018ರ ಅಕ್ಟೋಬರ್ 22. ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ 4 ಗಂಟೆ 22 ನಿಮಿಷ. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಸೈಟ್ ಗಿಟ್‌ಹಬ್‌ನ ಒಂದು ಆಪ್ಟಿಕಲ್ ಉಪಕರಣ ಕೈಕೊಡುತ್ತಿತ್ತು. ಅದನ್ನು ಬದಲಾಯಿಸುವ ಕೆಲಸ ನಡೆದಿತ್ತು. ಮಾಮೂಲಿ ರಿಪೇರಿ. ಆ ಹೊತ್ತಿನಲ್ಲಿ ಅವರ ನೆಟ್‌ವರ್ಕ್ ಕೇಂದ್ರಕ್ಕೂ ಮುಖ್ಯ ಡೇಟಾ ಸೆಂಟರ್‌ಗೂ ಇದ್ದ ಸಂಪರ್ಕ ಕಡಿಯಿತು. 43 ಸೆಕೆಂಡ್ ಅಷ್ಟೇ. ಆಮೇಲೆ ಲೈನ್ ವಾಪಸ್ ಬಂತು. ಆದರೆ ಗಿಟ್‌ಹಬ್ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.

ಯಾಕೆ ಹೀಗಾಯಿತು? ಯಾವ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್ ಮುಖ್ಯ ಅಂತ ತೀರ್ಮಾನಿಸುವ ಸಾಫ್ಟ್‌ವೇರ್ ಒಂದು ಅವರಲ್ಲಿತ್ತು. ಪೂರ್ವದ ಡೇಟಾ ಸೆಂಟರ್ ಕಾಣಿಸುತ್ತಿಲ್ಲ ಅಂತ ಅದು ಪಶ್ಚಿಮ ಕರಾವಳಿಯ ಸರ್ವರ್‌ಗಳಿಗೆ ಪಟ್ಟ ಕಟ್ಟಿತು. ಪೂರ್ವದ ಸರ್ವರ್‌ಗಳು ಬದುಕಿಯೇ ಇದ್ದವು. ಅವು ಬರೆದುಕೊಂಡಿದ್ದ ಕೆಲವು ಸೆಕೆಂಡುಗಳ ದಾಖಲೆ ಪಶ್ಚಿಮಕ್ಕೆ ಹೋಗಿರಲಿಲ್ಲ. ಇತ್ತ ಪಶ್ಚಿಮದವು ಸುಮಾರು 40 ನಿಮಿಷ ಹೊಸ ದಾಖಲೆ ಬರೆದುಕೊಂಡವು. ಈಗ ಇಲ್ಲಿರುವುದು ಅಲ್ಲಿಲ್ಲ, ಅಲ್ಲಿರುವುದು ಇಲ್ಲಿಲ್ಲ. ಒಂದೇ ಅಂಗಡಿಗೆ ಎರಡು ಲೆಕ್ಕದ ಪುಸ್ತಕ ಆದಂತೆ. ತುಂಬ ಕೆಲಸವಿದ್ದ ಒಂದು ಕ್ಲಸ್ಟರ್‌ನಲ್ಲೇ (ಸರ್ವರ್‌ಗಳ ಗುಂಪಿನಲ್ಲೇ) ಹೀಗೆ ಸಿಕ್ಕಿಹಾಕಿಕೊಂಡ ದಾಖಲೆ 954. ಸೈಟ್ ಒಂದು ದಿನ ಕುಂಟಿದರೂ ಪರವಾಗಿಲ್ಲ, ಜನರ ಡೇಟಾ ಹೋಗಬಾರದು ಅಂತ ಅವರು ನಿಧಾನವಾಗಿ ಸರಿಮಾಡಿದರು. ಆಮೇಲೆ ಇಡೀ ಕಥೆಯನ್ನು ಮುಚ್ಚಿಡದೆ ಪ್ರಕಟಿಸಿದರು. ಅದನ್ನು ಓದಿ ನನ್ನಂಥ ಎಷ್ಟೋ ಜನ ಕಲಿತಿದ್ದೇವೆ.

ಹೊಸ ಡೇಟಾಬೇಸ್ ಪರೀಕ್ಷೆಗೆ ಕೂತ ತಂಡಗಳಿಗೆ ನಾನು ಮೊದಲು ಹೇಳುವುದು ಇದೇ ಘಟನೆ. ಎಲ್ಲ ಸರಿಯಿದ್ದಾಗ ಡೇಟಾಬೇಸ್ ಎಷ್ಟು ಜೋರಾಗಿ ಓಡುತ್ತದೆ ಅಂತ ಯಾವ ವೆಂಡರ್ (ಅದನ್ನು ಮಾರುವ ಕಂಪನಿ) ಆದರೂ ತೋರಿಸುತ್ತಾರೆ. ಕೆಟ್ಟಾಗ ಅದು ಏನು ಮಾಡುತ್ತದೆ ಅಂತ ನಾವೇ ಕೆಡಿಸಿ ನೋಡಬೇಕು.

ಕೋರಂ ಇದ್ದರೆ ಸಭೆ

ಮಾಮೂಲಿ ಡೇಟಾಬೇಸ್ ಒಂದು ದೊಡ್ಡ ಸರ್ವರ್‌ನಲ್ಲಿ ಕೂತಿರುತ್ತದೆ. ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ಹಾಗಲ್ಲ. ಅದು ಟೇಬಲ್‌ಗಳನ್ನು ತುಂಡು ಮಾಡಿ ಹಲವು ಸರ್ವರ್‌ಗಳಿಗೆ ಹಂಚುತ್ತದೆ. ಪ್ರತಿ ತುಂಡಿಗೂ ಸಾಮಾನ್ಯವಾಗಿ ಮೂರು ಪ್ರತಿ. ಮೂರೂ ಬೇರೆ ಬೇರೆ ಸರ್ವರ್‌ನಲ್ಲಿ. ಮೂರರಲ್ಲಿ ಒಂದು ಲೀಡರ್. ಗೂಗಲ್‌ನ ಸ್ಪ್ಯಾನರ್, ಕಾಕ್ರೋಚ್‌ಡಿಬಿ, ಯುಗಬೈಟ್‌ಡಿಬಿ, ಟೈಡಿಬಿ ಇವೆಲ್ಲ ಈ ಜಾತಿಯವು.

ಹೊಸ ದಾಖಲೆ ಬಂದಾಗ ಲೀಡರ್ ಅದನ್ನು ಉಳಿದಿಬ್ಬರಿಗೆ ಕಳಿಸುತ್ತದೆ. ಮೂವರಲ್ಲಿ ಇಬ್ಬರು 'ಬರೆದುಕೊಂಡೆ' ಅಂದ ಮೇಲಷ್ಟೇ ಗ್ರಾಹಕರಿಗೆ 'ಆಯಿತು' ಎಂಬ ಉತ್ತರ ಹೋಗುತ್ತದೆ. ಕೋರಂ ಇಲ್ಲದೆ ಗ್ರಾಮಸಭೆ ಮುಂದಕ್ಕೆ ಹೋಯಿತು ಅಂತ ಪೇಪರಿನಲ್ಲಿ ಓದಿರುತ್ತೀರಿ ಅಲ್ವಾ? ಇದೂ ಅದೇ. ಸಾಕಷ್ಟು ಸದಸ್ಯರು ಬಂದರೆ ಠರಾವು ಪಾಸು. ಇಲ್ಲದಿದ್ದರೆ ಸಭೆಯೇ ಇಲ್ಲ. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಇರಲೇಬೇಕು. ಮೂರಿದ್ದರೆ ಎರಡು, ಐದಿದ್ದರೆ ಮೂರು. ಅರ್ಧಕ್ಕಿಂತ ಜಾಸ್ತಿ ಇರುವ ಎರಡು ಗುಂಪು ಒಟ್ಟಿಗೆ ಇರಲು ಸಾಧ್ಯವಿಲ್ಲ. ಹಾಗಾಗಿ ಎರಡು ಲೆಕ್ಕದ ಪುಸ್ತಕ ಹುಟ್ಟುವುದಿಲ್ಲ. ಹೊಸ ಡೇಟಾಬೇಸ್‌ಗಳಲ್ಲಿ ಹಲವು ಈ ಮತದಾನಕ್ಕೆ ರಾಫ್ಟ್ ಎಂಬ ವಿಧಾನ ಬಳಸುತ್ತವೆ. 2014ರಲ್ಲಿ ಡಿಯಾಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಓದಿ ಅರ್ಥವಾಗುವಂತೆ ಇರಬೇಕು ಎಂಬುದೇ ಅವರ ಮುಖ್ಯ ಉದ್ದೇಶವಾಗಿತ್ತು.

ಈಗ ಗಿಟ್‌ಹಬ್ ಕಥೆಗೆ ವಾಪಸ್ ಬನ್ನಿ. ಅವರಲ್ಲೂ ಕೋರಂ ಇತ್ತು. ಮುಖ್ಯ ಸರ್ವರ್ ಆರಿಸುವ ಆ ಸಾಫ್ಟ್‌ವೇರ್ ರಾಫ್ಟ್ ಮೇಲೇ ನಡೆಯುತ್ತಿತ್ತು. ಆದರೆ ಕೋರಂ ಇದ್ದದ್ದು ಆಯ್ಕೆಗೆ ಮಾತ್ರ. ದಾಖಲೆಗಳಿಗೆ ಇರಲಿಲ್ಲ. ಪೂರ್ವದಲ್ಲಿ ಬರೆದದ್ದು ಪಶ್ಚಿಮಕ್ಕೆ ಸ್ವಲ್ಪ ತಡವಾಗಿ ಹೋಗುತ್ತಿತ್ತು. ಆ 'ಸ್ವಲ್ಪ ತಡ' ಒಂದು ದಿನ ನುಂಗಿತು. ಹಾಗಾಗಿ ವೆಂಡರ್ 'ನಮ್ಮದರಲ್ಲಿ ತಾನಾಗಿಯೇ ಫೇಲ್‌ಓವರ್ ಆಗುತ್ತದೆ, ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ' ಅಂದರೆ ಅಲ್ಲಿಗೆ ನಿಲ್ಲಿಸಬೇಡಿ. 'ಆಯಿತು' ಅಂತ ನೀವು ಹೇಳುವಾಗ ಆ ದಾಖಲೆ ಎಷ್ಟು ಸರ್ವರ್‌ಗಳ ಡಿಸ್ಕ್ ಮೇಲಿರುತ್ತದೆ ಅಂತ ಕೇಳಿ.

ಸಂಪರ್ಕ ಕಡಿದಾಗ ಅಲ್ಪಸಂಖ್ಯೆಯ ಕಡೆ ಸಿಕ್ಕಿಕೊಂಡ ಸರ್ವರ್‌ಗೆ ಎರಡೇ ದಾರಿ. ಸುಮ್ಮನೆ ಕೂರಬೇಕು, ಇಲ್ಲವೇ ಹಳೆಯದೋ ತಪ್ಪೋ ಆಗಿರಬಹುದಾದ ಉತ್ತರ ಕೊಡಬೇಕು. ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಈ ಮಾತು ಮುಂದಿಟ್ಟರು. 2002ರಲ್ಲಿ ಸೆತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಗಣಿತದಿಂದ ಸಾಧಿಸಿದರು. ಕ್ಯಾಪ್ ಪ್ರಮೇಯ ಅಂತ ಹೆಸರು. ಅಮೆಜಾನ್ 2007ರಲ್ಲಿ ಪ್ರಕಟಿಸಿದ ಡೈನಮೊ ಎಂಬ ಡೇಟಾಬೇಸ್ 'ಉತ್ತರ ಕೊಡೋಣ, ವ್ಯತ್ಯಾಸ ಆಮೇಲೆ ಸರಿಪಡಿಸೋಣ' ಎಂಬ ದಾರಿ ಹಿಡಿಯಿತು. ಶಾಪಿಂಗ್ ಕಾರ್ಟ್‌ಗೆ ಅದು ಸರಿ. ಬ್ಯಾಂಕ್ ಬ್ಯಾಲೆನ್ಸ್‌ಗೆ ಸುಮ್ಮನೆ ಕೂರುವುದೇ ವಾಸಿ. ನಿಮ್ಮ ವ್ಯವಹಾರದ ಯಾವ ಟೇಬಲ್‌ಗೆ ಯಾವುದು ಸರಿ ಎಂಬುದನ್ನು ವೆಂಡರ್ ಹೇಳಲಾರರು.

ನಿಜವಾಗಿ ಬೇಕಾ?

ಬಹಳ ತಂಡಗಳು ಈ ಪ್ರಶ್ನೆಯನ್ನು ದಾಟಿಕೊಂಡೇ ಮುಂದೆ ಹೋಗುತ್ತವೆ. ಒಂದು ಲೆಕ್ಕ ಮಾಡೋಣ. 2023ರ ಆಗಸ್ಟ್‌ನಲ್ಲಿ ಯುಪಿಐ ವಹಿವಾಟು ಮೊದಲ ಸಲ ಒಂದೇ ತಿಂಗಳಲ್ಲಿ 1,000 ಕೋಟಿ ದಾಟಿತು. 31 ದಿನಕ್ಕೆ ಸುಮಾರು 26.8 ಲಕ್ಷ ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ ಸರಾಸರಿ 3,700 ವಹಿವಾಟು. ಸಂಜೆ ಹೊತ್ತಿಗೆ ಇದು ಜಾಸ್ತಿ ಇರುತ್ತದೆ. ಒಂದೊಂದು ಪಾವತಿಯ ಹಿಂದೆ ಹಲವು ಬ್ಯಾಂಕ್‌ಗಳ ನಡುವೆ ಹಲವು ಸಂದೇಶ ಓಡಾಡುತ್ತವೆ. ಆದರೂ ಇಡೀ ದೇಶದ ಯುಪಿಐ ಪಾವತಿಗಳ ಆ ತಿಂಗಳ ಸರಾಸರಿ ಇದು. ನಿಮ್ಮ ಕಂಪನಿಯ ಸಂಖ್ಯೆ ಎಷ್ಟು?

ಒಂದು ದೊಡ್ಡ ಸರ್ವರ್, ಅದರಲ್ಲಿ ಸರಿಯಾಗಿ ಇಂಡೆಕ್ಸ್ (ದಾಖಲೆ ಬೇಗ ಹುಡುಕಲು ನೆರವಾಗುವ ಪಟ್ಟಿ) ಹಾಕಿದ ಮಾಮೂಲಿ ಡೇಟಾಬೇಸ್ ಪೋಸ್ಟ್‌ಗ್ರೆಸ್, ಪಕ್ಕದಲ್ಲೊಂದು ಸ್ಟ್ಯಾಂಡ್‌ಬೈ. ಇಷ್ಟರಲ್ಲೇ ಸೆಕೆಂಡಿಗೆ ಸಾವಿರಾರು ಸಣ್ಣ ಟ್ರಾನ್ಸಾಕ್ಷನ್ ನಡೆಯುತ್ತವೆ. ಬರೆಯುವ ಕೆಲಸ ಒಂದು ಸರ್ವರ್‌ನ ಕೈಮೀರಿದ್ದರೆ, ಒಂದು ಕಟ್ಟಡವೇ ಕತ್ತಲಾದರೂ ಒಂದು ರೂಪಾಯಿ ಲೆಕ್ಕ ತಪ್ಪಬಾರದು ಅಂತಿದ್ದರೆ, ಆಗ ಡಿಸ್ಟ್ರಿಬ್ಯೂಟೆಡ್ ದಾರಿ ಹಿಡಿಯಿರಿ. ಮೂರು ನಿಧಾನ ಕ್ವೆರಿಗಳಿಗಾಗಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳಿಗಾಗಿ) ಇಡೀ ಡೇಟಾಬೇಸ್ ಬದಲಾಯಿಸಲು ಹೊರಟವರನ್ನು ನಾನು ನೋಡಿದ್ದೇನೆ. ಅವರಿಗೆ ಬೇಕಿದ್ದದ್ದು ಒಂದು ಇಂಡೆಕ್ಸ್.

ಅವರ ಬೆಂಚ್‌ಮಾರ್ಕ್, ನಿಮ್ಮ ಡೇಟಾ

ವೆಂಡರ್‌ಗಳು ತೋರಿಸುವ ಟಿಪಿಸಿ-ಸಿ 1992ರ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಪರೀಕ್ಷೆ. ಗೋದಾಮುಗಳಿರುವ ಒಂದು ಸಗಟು ಕಂಪನಿ, ಅದಕ್ಕೆ ಬರುವ ಆರ್ಡರ್‌ಗಳು. ಪರೀಕ್ಷೆ ಒಳ್ಳೆಯದೇ. ಆದರೆ ಅದರಲ್ಲಿ ಕೆಲಸ ಗೋದಾಮಿಂದ ಗೋದಾಮಿಗೆ ಅಚ್ಚುಕಟ್ಟಾಗಿ ಹಂಚಿಹೋಗುತ್ತದೆ. ನಿಮ್ಮ ಕೆಲಸ ಹಾಗೆ ಹಂಚಿಹೋಗುತ್ತದೆ ಅಂತ ಏನು ಗ್ಯಾರಂಟಿ?

ಒಮ್ಮೆ ಬಿಲ್ಲಿಂಗ್ ಕೆಲಸದ ಒಂದು ಕಂಪನಿಗೆ ಪರೀಕ್ಷೆ ಮಾಡುತ್ತಿದ್ದೆವು. ಮೂರು ಸರ್ವರ್. ಅವರ ನಿಜವಾದ ಬಿಲ್ ಟೇಬಲ್ ಹಾಕಿ ಲೋಡ್ ಕೊಟ್ಟೆವು. ವೇಗ ಒಂದು ಮಟ್ಟಕ್ಕೆ ಬಂದು ನಿಂತಿತು. ಮೂರು ಸರ್ವರ್ ಇದ್ದದ್ದನ್ನು ಆರು ಮಾಡಿದೆವು. ವೇಗ ಕದಲಲಿಲ್ಲ. ಡ್ಯಾಶ್‌ಬೋರ್ಡ್ ನೋಡಿದರೆ ಒಂದು ಸರ್ವರ್‌ನ ಸಿಪಿಯು ಗೆರೆ ನೆತ್ತಿಗೆ ತಾಗಿತ್ತು. ಉಳಿದ ಐದೂ ನೆಲದಲ್ಲಿ ಮಲಗಿದ್ದವು.

ಕಾರಣ ಬಿಲ್ ನಂಬರ್. 1001, 1002, 1003 ಅಂತ ಒಂದಾದ ಮೇಲೊಂದು. ಈ ಡೇಟಾಬೇಸ್ ಪ್ರೈಮರಿ ಕೀ, ಅಂದರೆ ಪ್ರತಿ ದಾಖಲೆಯ ಗುರುತಿನ ನಂಬರ್, ಅದರ ಕ್ರಮದಲ್ಲಿ ಟೇಬಲ್ ತುಂಡು ಮಾಡುತ್ತದೆ. ಹೊಸ ನಂಬರ್ ಯಾವಾಗಲೂ ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಹೊಸ ಬಿಲ್ ಎಲ್ಲವೂ ಕೊನೆಯ ತುಂಡಿಗೇ ಬೀಳುತ್ತಿದ್ದವು. ಆ ತುಂಡಿನ ಲೀಡರ್ ಇದ್ದ ಸರ್ವರ್ ಒಂದೇ ದುಡಿಯುತ್ತಿತ್ತು. ಹತ್ತು ಕೌಂಟರ್ ಇದ್ದು ಜನರೆಲ್ಲ ಕೊನೆಯ ಕೌಂಟರಿನಲ್ಲೇ ಸಾಲು ನಿಂತ ಹಾಗೆ. ಇದಕ್ಕೆ ಹಾಟ್‌ಸ್ಪಾಟ್ ಅನ್ನುತ್ತಾರೆ.

ಮದ್ದು ಇದೆ. ಕೀಯನ್ನು ಚದುರಿಸಬೇಕು. ಟೈಡಿಬಿಯಲ್ಲಿ ಆಟೊ ರ್‍ಯಾಂಡಮ್, ಕಾಕ್ರೋಚ್‌ಡಿಬಿಯಲ್ಲಿ ಹ್ಯಾಶ್ ಮಾಡಿದ, ಅಂದರೆ ಕೀಯನ್ನು ಕಲೆಸಿ ಹಂಚುವ, ಇಂಡೆಕ್ಸ್. ಯುಗಬೈಟ್‌ಡಿಬಿ ಮೊದಲಿನಿಂದಲೇ ಹ್ಯಾಶ್ ಮಾಡಿ ಹಂಚುವುದನ್ನು ಇಷ್ಟಪಡುತ್ತದೆ. ಆದರೆ ಚದುರಿಸಿದ ಮೇಲೆ 'ನಿನ್ನೆಯ ಬಿಲ್‌ಗಳನ್ನು ಕ್ರಮವಾಗಿ ಕೊಡು' ಅಂದರೆ ಎಲ್ಲ ಸರ್ವರ್‌ಗಳನ್ನೂ ಕೇಳಿ ಒಟ್ಟುಮಾಡಬೇಕು. ಬರೆಯುವುದು ಹಗುರವಾಯಿತು, ಓದುವುದು ಭಾರವಾಯಿತು. ಎರಡನ್ನೂ ಅಳೆದು ನೋಡದೆ ಟೇಬಲ್ ವಿನ್ಯಾಸ ಮುಗಿಯುವುದಿಲ್ಲ.

ವೇಗ ಅಳೆಯುವಾಗ ಸರಾಸರಿ ನೋಡಬೇಡಿ. ನೂರು ಕ್ವೆರಿಗಳಲ್ಲಿ 99 ಬೇಗ ಬಂದು ಒಂದು ತಡವಾಯಿತು ಅನ್ನಿ. ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಆದರೆ ನಿಮ್ಮ ಆ್ಯಪ್‌ನ ಒಂದು ಪುಟ ತೆರೆಯಲು 20 ಕ್ವೆರಿ ಬೇಕಾದರೆ, ನೂರರಲ್ಲಿ ಸುಮಾರು 18 ಸಲ ಯಾವುದಾದರೂ ಒಂದು ನಿಧಾನ ಕ್ವೆರಿ ಸಿಕ್ಕೇ ಸಿಗುತ್ತದೆ. ಗ್ರಾಹಕರಿಗೆ ಕಾಣುವುದು ಆ 18. ಹಾಗಾಗಿ ಪಿ99, ಅಂದರೆ ನೂರರಲ್ಲಿ 99 ಕ್ವೆರಿ ಎಷ್ಟರೊಳಗೆ ಮುಗಿಯುತ್ತವೆ ಎಂಬ ಸಂಖ್ಯೆ ಕೇಳಿ. ಅದೂ ಹತ್ತು ನಿಮಿಷದ ಓಟದ್ದು ಬೇಡ. ಎರಡು ದಿನ ಬಿಡದೆ ಓಡಿಸಿ. ತೆರೆಮರೆಯಲ್ಲಿ ನಡೆಯುವ, ಬೇಡದ ಹಳೆಯ ಡೇಟಾದ ಕಸ ಗುಡಿಸುವ ಕೆಲಸ, ಬ್ಯಾಕಪ್, ತುಂಡುಗಳ ಸ್ಥಳಾಂತರ ಎಲ್ಲ ಆಗ ಹೊರಗೆ ಬರುತ್ತವೆ.

ದೂರ

ಬೆಳಕು ಫೈಬರ್‌ನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 1,000 ಕಿ.ಮೀ. ದೂರಕ್ಕೆ ಹೋಗಿ ಬರಲು ಕಡಿಮೆ ಎಂದರೂ 10 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲ, ಹಾಗಾಗಿ ನಿಜದಲ್ಲಿ ಇನ್ನೂ ಜಾಸ್ತಿ. ಯಾವ ಸಾಫ್ಟ್‌ವೇರ್ ಕೂಡ ಇದನ್ನು ಕಡಿಮೆ ಮಾಡಲಾರದು. ಪ್ರತಿ ಬರಹಕ್ಕೂ ದೂರದ ಊರಿನ ಒಪ್ಪಿಗೆ ಬೇಕಾದರೆ ಪ್ರತಿ ಬರಹವೂ ಅಷ್ಟು ಕಾಯುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಪಾವತಿ ವ್ಯವಸ್ಥೆಯ ಡೇಟಾ ಭಾರತದಲ್ಲೇ ಇರಬೇಕು. ಅಮೆಜಾನ್ ಕ್ಲೌಡ್‌ಗೆ ಇಲ್ಲಿ ಮುಂಬೈ, ಹೈದರಾಬಾದ್ ಡೇಟಾ ಸೆಂಟರ್‌ಗಳಿವೆ. ಗೂಗಲ್‌ಗೆ ಮುಂಬೈ, ದೆಹಲಿ. ಎರಡೆರಡು ಊರು. ಕೋರಂಗೆ ಎರಡು ಊರು ಸಾಲದು. ಮೂರು ಪ್ರತಿಯಲ್ಲಿ ಎರಡನ್ನು ಮುಂಬೈಯಲ್ಲಿ, ಒಂದನ್ನು ಹೈದರಾಬಾದ್‌ನಲ್ಲಿ ಇಟ್ಟರೆ, ಮುಂಬೈ ಹೋದ ದಿನ ಹೈದರಾಬಾದ್ ಒಂಟಿ. ಒಂದು ಮತದಿಂದ ಸಭೆ ನಡೆಯುವುದಿಲ್ಲ. ಮೂರನೆಯ ಜಾಗ ಬೇಕೇ ಬೇಕು. ಅದಿಲ್ಲದವರು ಸಾಮಾನ್ಯವಾಗಿ ಒಂದೇ ಊರಿನ ಮೂರು ಬೇರೆ ಕಟ್ಟಡಗಳಲ್ಲಿ ಕೋರಂ ಇಟ್ಟು, ಇನ್ನೊಂದು ಊರಿಗೆ ತುಸು ತಡವಾಗಿ ಪ್ರತಿ ಕಳಿಸುತ್ತಾರೆ. ಆಗ ಊರಿಗೆ ಊರೇ ಹೋದರೆ ಕೆಲವು ಸೆಕೆಂಡುಗಳ ದಾಖಲೆ ಹೋಗಬಹುದು. ಇದನ್ನು ಪರೀಕ್ಷೆಯ ವರದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮ್ಯಾನೇಜ್‌ಮೆಂಟ್ ಅದನ್ನು ಓದಿ, ಒಪ್ಪಿ ಸಹಿ ಹಾಕಬೇಕು.

ಕೆಡಿಸುವ ದಿನ

ಇನ್ನು ನನಗೆ ತುಂಬ ಮುಖ್ಯ ಅನ್ನಿಸುವ ಭಾಗ. ಇದಕ್ಕೆ ದೊಡ್ಡ ಸಾಮಾನು ಬೇಡ. ಒಂದು ಸಣ್ಣ ಪ್ರೋಗ್ರಾಂ ಸಾಕು. ಅದು 1, 2, 3 ಅಂತ ನಂಬರ್‌ಗಳನ್ನು ಡೇಟಾಬೇಸ್‌ಗೆ ಬರೆಯುತ್ತಾ ಹೋಗಲಿ. ಡೇಟಾಬೇಸ್ 'ಆಯಿತು' ಅಂದ ನಂಬರ್‌ಗಳನ್ನಷ್ಟೇ ಬೇರೆ ಕಂಪ್ಯೂಟರ್‌ನ ಒಂದು ಫೈಲ್‌ನಲ್ಲಿ ಗುರುತು ಹಾಕಿಕೊಳ್ಳಲಿ. ಅದು ಓಡುತ್ತಿರುವಾಗ ಲೀಡರ್ ಇರುವ ಸರ್ವರ್‌ನ ಪ್ಲಗ್ ಕೀಳಿ. ಮೆತ್ತಗೆ ಶಟ್‌ಡೌನ್ ಮಾಡಬೇಡಿ. ಮೆತ್ತಗೆ ಮಾಡಿದರೆ ಅದು ಹೇಳಿ ಹೋಗುತ್ತದೆ. ನಿಜವಾದ ಸಾವು ಹೇಳಿ ಬರುವುದಿಲ್ಲ.

ಪರದೆ ನೋಡಿ. ನಂಬರ್ ಓಟ ತಟ್ಟನೆ ನಿಲ್ಲುತ್ತದೆ. ಉಳಿದ ಸರ್ವರ್‌ಗಳು ಹೊಸ ಲೀಡರ್ ಆರಿಸುತ್ತವೆ. ಕೆಲವು ಸೆಕೆಂಡ್ ಕಳೆದು ಓಟ ಮತ್ತೆ ಶುರು. ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳಿ. ಆಮೇಲೆ ಫೈಲ್‌ನಲ್ಲಿರುವ ಪ್ರತಿ ನಂಬರನ್ನೂ ಡೇಟಾಬೇಸ್‌ನಲ್ಲಿ ಹುಡುಕಿ. 'ಆಯಿತು' ಅಂದ ಒಂದು ನಂಬರ್ ಕಾಣೆಯಾದರೂ ಅಲ್ಲಿಗೆ ಪರೀಕ್ಷೆ ನಿಲ್ಲಿಸಬಹುದು.

ಸತ್ತ ಸರ್ವರ್‌ಗಿಂತ ಕಷ್ಟ ಕೊಡುವುದು ಅರೆಜೀವದ ಸರ್ವರ್. ಡಿಸ್ಕ್ ನಿಧಾನವಾಗಿದೆ, ಆದರೆ 'ಇದ್ದೀನಿ' ಅನ್ನುತ್ತಲೇ ಇರುತ್ತದೆ. ಉಳಿದವು ಅದನ್ನು ನಂಬಿ ಕಾಯುತ್ತವೆ. ಹಾಗಾಗಿ ಡಿಸ್ಕ್ ನಿಧಾನ ಮಾಡಿ ನೋಡಿ. ಒಂದು ದಿಕ್ಕಿನ ನೆಟ್‌ವರ್ಕ್ ಮಾತ್ರ ಕಡಿಯಿರಿ. ಡಿಸ್ಕ್ ತುಂಬಿಸಿ. ಗಡಿಯಾರವನ್ನೂ ಜರುಗಿಸಿ.

ಗಡಿಯಾರ ಯಾಕೆ ಅಂತೀರಾ? ಎರಡು ಸರ್ವರ್‌ಗಳಲ್ಲಿ ನಡೆದ ಎರಡು ಬರಹಗಳಲ್ಲಿ ಯಾವುದು ಮೊದಲು ಅಂತ ತೀರ್ಮಾನಿಸಲು ಸಮಯ ಬೇಕು. ಎರಡು ಸರ್ವರ್‌ಗಳ ಗಡಿಯಾರ ಕೂದಲೆಳೆಯಷ್ಟಾದರೂ ಬೇರೆ ಇರುತ್ತವೆ. ಸ್ಪ್ಯಾನರ್‌ಗಾಗಿ ಗೂಗಲ್ ತನ್ನ ಡೇಟಾ ಸೆಂಟರ್‌ಗಳಲ್ಲಿ ಜಿಪಿಎಸ್ ರಿಸೀವರ್, ಪರಮಾಣು ಗಡಿಯಾರ ಇಟ್ಟಿತು. 2012ರಲ್ಲಿ ಆ ವಿವರ ಪ್ರಕಟಿಸಿತು. ಟೈಡಿಬಿ ಒಂದೇ ಕಡೆಯಿಂದ ಟೋಕನ್ ಕೊಟ್ಟ ಹಾಗೆ ಸಮಯ ಹಂಚುತ್ತದೆ. ಕಾಕ್ರೋಚ್‌ಡಿಬಿ ಮಾಮೂಲಿ ಗಡಿಯಾರಗಳನ್ನೇ ನಂಬುತ್ತದೆ, ಆದರೆ ವ್ಯತ್ಯಾಸಕ್ಕೊಂದು ಮಿತಿ ಇಟ್ಟಿದೆ. ಬದಲಾಯಿಸದಿದ್ದರೆ ಆ ಮಿತಿ 500 ಮಿಲಿಸೆಕೆಂಡ್. ಹೆಚ್ಚು ಕಡಿಮೆ ಅದರ ಹತ್ತಿರ ಹೋದ ಸರ್ವರ್ ತಾನಾಗಿಯೇ ಕೆಲಸ ನಿಲ್ಲಿಸುತ್ತದೆ. ಒಳ್ಳೆಯ ನಡವಳಿಕೆಯೇ. ಆದರೆ ನಿಮ್ಮ ಸಮಯ ಸರ್ವರ್ ಕೆಟ್ಟರೆ ಎಷ್ಟು ಸರ್ವರ್ ಒಟ್ಟಿಗೆ ನಿಲ್ಲಬಹುದು ಅಂತ ಯೋಚಿಸಿ.

ಕೈಲ್ ಕಿಂಗ್ಸ್‌ಬರಿ ಎಂಬವರು 2013ರಿಂದ ಜೆಪ್ಸನ್ ಎಂಬ ಹೆಸರಿನಲ್ಲಿ ಇಂಥ ಪರೀಕ್ಷೆಗಳನ್ನು ಮಾಡಿ ಬಹಿರಂಗವಾಗಿ ಪ್ರಕಟಿಸುತ್ತಿದ್ದಾರೆ. ದೊಡ್ಡ ದೊಡ್ಡ ಹೆಸರಿನ ಡೇಟಾಬೇಸ್‌ಗಳಲ್ಲೂ ತಪ್ಪು ಹಿಡಿದಿದ್ದಾರೆ. ನೀವು ಆರಿಸುತ್ತಿರುವುದರ ವರದಿ ಇದ್ದರೆ ಓದಿ. ಯಾವ ವರ್ಷನ್‌ದು ಅಂತ ನೋಡುವುದನ್ನು ಮರೆಯಬೇಡಿ. ತಪ್ಪು ಸಿಕ್ಕಾಗ ಕಂಪನಿ ಹೇಗೆ ನಡೆದುಕೊಂಡಿತು, ಎಷ್ಟು ದಿನದಲ್ಲಿ ಸರಿಪಡಿಸಿತು ಎಂಬುದೂ ಅದರಲ್ಲಿ ಗೊತ್ತಾಗುತ್ತದೆ.

ಆ್ಯಪ್ ಬರೆಯುವವರು ತಿಳಿಯಬೇಕಾದ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಬಸ್ಸಿನ ಕೊನೆಯ ಸೀಟಿಗೆ ಇಬ್ಬರು ಒಂದೇ ಕ್ಷಣ ಕೈಹಾಕಿದರು ಅನ್ನಿ. ಕಟ್ಟುನಿಟ್ಟಿನ ಡೇಟಾಬೇಸ್ ಒಬ್ಬರಿಗೆ 'ನೀವು ಮತ್ತೆ ಮೊದಲಿಂದ ಪ್ರಯತ್ನಿಸಿ' ಅನ್ನುತ್ತದೆ. ಆ ಎರರ್‌ನ ನಂಬರ್ 40001. ಇದು ದೋಷ ಅಲ್ಲ, ಲೆಕ್ಕ ಕಾಯುವ ರೀತಿ. ಆದರೆ ಹಳೆಯ ಆ್ಯಪ್‌ನಲ್ಲಿ 'ಮತ್ತೆ ಪ್ರಯತ್ನಿಸು' ಎಂಬ ಕೋಡ್ ಇರುವುದಿಲ್ಲ. ಅದು ಗ್ರಾಹಕರ ಮುಂದೆ ಎರರ್ ಪುಟ ತೋರಿಸುತ್ತದೆ. ಪೋಸ್ಟ್‌ಗ್ರೆಸ್ ಹಾಗೇ ಇದೆ, ಮೈಎಸ್‌ಕ್ಯೂಎಲ್ ಹಾಗೇ ಇದೆ ಅಂತ ವೆಂಡರ್ ಹೇಳಿದರೂ ನಿಮ್ಮ ಕೋಡ್ ಪೂರ್ತಿ ಓಡಿಸಿ ನೋಡಿ. ಟೈಡಿಬಿಯಲ್ಲಿ ಮೈಎಸ್‌ಕ್ಯೂಎಲ್‌ನ ಸ್ಟೋರ್ಡ್ ಪ್ರೊಸೀಜರ್, ಟ್ರಿಗರ್ (ಡೇಟಾಬೇಸ್ ಒಳಗೇ ಇಟ್ಟು ಓಡಿಸುವ ಕೋಡ್) ಇಲ್ಲ. ವರ್ಷಗಳ ವ್ಯವಹಾರದ ನಿಯಮಗಳೆಲ್ಲ ಅವುಗಳಲ್ಲೇ ಕೂತಿದ್ದರೆ ಅವನ್ನು ಹೊಸದಾಗಿ ಬರೆಯುವ ಖರ್ಚೇ ಎಲ್ಲಕ್ಕಿಂತ ದೊಡ್ಡದಾಗಬಹುದು.

ಮೂರು ಪ್ರತಿ ಬ್ಯಾಕಪ್ ಅಲ್ಲ

ಯಾರೋ ತಪ್ಪಿ ಒಂದು ಟೇಬಲ್ ಅಳಿಸಿದರೆ ಮೂರೂ ಪ್ರತಿಗಳು ಒಟ್ಟಿಗೆ, ಪ್ರಾಮಾಣಿಕವಾಗಿ ಅಳಿಸುತ್ತವೆ. 2017ರ ಜನವರಿ 31ರಂದು ಗಿಟ್‌ಹಬ್‌ನಂಥದ್ದೇ ಇನ್ನೊಂದು ಸೈಟ್ ಗಿಟ್‌ಲ್ಯಾಬ್‌ನಲ್ಲಿ ದಣಿದಿದ್ದ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನ ಡೇಟಾ ಅಳಿಸಿದರು. ಸುಮಾರು 300 ಜಿಬಿ ಹೋಯಿತು. ಐದು ಬಗೆಯ ಬ್ಯಾಕಪ್ ಮತ್ತು ರಿಪ್ಲಿಕೇಶನ್ (ಬೇರೆ ಸರ್ವರ್‌ಗೆ ಪ್ರತಿ ಕಳಿಸುವ ವ್ಯವಸ್ಥೆ) ಇದ್ದವು. ಒಂದೂ ನೆಚ್ಚುವ ಹಾಗಿರಲಿಲ್ಲ. ಆರು ಗಂಟೆ ಹಿಂದೆ ಯಾವುದೋ ಕೆಲಸಕ್ಕೆ ತೆಗೆದಿಟ್ಟ ಡೇಟಾದ ಒಂದು ನಕಲು, ಅಂದರೆ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಹಾಗಾಗಿ ಬ್ಯಾಕಪ್ ತೆಗೆಯುವುದನ್ನಲ್ಲ, ಖಾಲಿ ಕ್ಲಸ್ಟರ್‌ಗೆ ವಾಪಸ್ ತುಂಬುವುದನ್ನು ಪರೀಕ್ಷಿಸಿ. ನಿಮ್ಮ ಪೂರ್ತಿ ಗಾತ್ರದ ಡೇಟಾ ಹಾಕಿ, ಎಷ್ಟು ಗಂಟೆ ಹಿಡಿಯುತ್ತದೆ ನೋಡಿ.

ಖರ್ಚಿನ ಲೆಕ್ಕ ಚಿಕ್ಕದು, ಆದರೆ ಮರೆಯುವವರೇ ಜಾಸ್ತಿ. ಮೂರು ಪ್ರತಿ ಅಂದರೆ ಡಿಸ್ಕ್ ಮೂರು ಪಟ್ಟು. ಪ್ರತಿ ಬರಹವೂ ಕಟ್ಟಡದಿಂದ ಕಟ್ಟಡಕ್ಕೆ ಹೋಗುತ್ತದೆ, ಕ್ಲೌಡ್‌ನಲ್ಲಿ ಆ ಸಾಗಣೆಗೂ ಬಿಲ್ ಬರುತ್ತದೆ. ಲೈಸೆನ್ಸ್ ಇವತ್ತಿದ್ದ ಹಾಗೆ ನಾಳೆ ಇರಬೇಕೆಂದಿಲ್ಲ. ಕಾಕ್ರೋಚ್‌ಡಿಬಿ ಮೊದಲು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಅಪಾಚೆ ಲೈಸೆನ್ಸ್‌ನಲ್ಲಿತ್ತು. 2019ರಲ್ಲಿ ಬಿಗಿಯಾಯಿತು. 2024ರಲ್ಲಿ ಮತ್ತೆ ಬದಲಾಗಿ, ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯವಿರುವ ಕಂಪನಿಗಳು ಹಣ ಕೊಡಬೇಕೆಂದಾಯಿತು. ಟೈಡಿಬಿ, ಯುಗಬೈಟ್‌ಡಿಬಿ ಅಪಾಚೆ 2.0ದಲ್ಲಿವೆ. ಯಾವುದೇ ಆಗಲಿ, ಬೇಡವಾದರೆ ಡೇಟಾ ಹೊರತೆಗೆದು ಮಾಮೂಲಿ ಪೋಸ್ಟ್‌ಗ್ರೆಸ್‌ಗೋ ಮೈಎಸ್‌ಕ್ಯೂಎಲ್‌ಗೋ ಹಾಕುವ ದಾರಿಯನ್ನೂ ಒಮ್ಮೆ ಮಾಡಿ ನೋಡಿರಬೇಕು.

ಪರೀಕ್ಷೆಯ ಕೊನೆಯ ದಿನ ನಾನು ಕೀಬೋರ್ಡ್ ಮುಟ್ಟುವುದಿಲ್ಲ. ವೆಂಡರ್ ಕಡೆಯವರೂ ಮುಟ್ಟಬಾರದು. ನಾಳೆ ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವ ಹುಡುಗಿಯನ್ನೋ ಹುಡುಗನನ್ನೋ ಕುರ್ಚಿಯಲ್ಲಿ ಕೂರಿಸುತ್ತೇವೆ. ಪೂರ್ತಿ ಲೋಡ್ ಓಡುತ್ತಿರುವಾಗಲೇ ಅವರು ಒಂದೊಂದೇ ಸರ್ವರ್‌ಗೆ ಹೊಸ ವರ್ಷನ್ ಹಾಕಬೇಕು. ನಡುವೆ ನಾವು ಅವರಿಗೆ ಹೇಳದೆ ಒಂದು ಸರ್ವರ್ ಕೀಳುತ್ತೇವೆ. ಯಾವುದು ಹೋಯಿತು ಅಂತ ಅವರು ಕಂಡುಹಿಡಿಯಲು, ಅಪ್‌ಗ್ರೇಡ್ ನಿಲ್ಲಿಸಲು, ಬೇರೆ ಸರ್ವರ್ ಸೇರಿಸಿ ಮೂರನೆಯ ಪ್ರತಿ ಪೂರ್ತಿ ತುಂಬಿಸಲು ಎಷ್ಟು ನಿಮಿಷ ಹಿಡಿಯಿತು ಅಂತ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ. ಆ ಸಂಖ್ಯೆ ವರದಿಯ ಮೊದಲ ಪುಟಕ್ಕೆ ಹೋಗುತ್ತದೆ.